ಬಡಾವಣೆಯಲ್ಲೊಂದು ಓದುಗರ ಕೂಟ: ಶುರು ಮಾಡಿ, ನಡೆಸಿ, ಒಟ್ಟಿಗೆ ಊರು ಸುತ್ತಿ

ಓದುಗರ ಕೂಟ ಮಾಡೋಣ ಅಂದ ತಕ್ಷಣ ಎಲ್ಲರೂ ಕೇಳುವುದು "ಯಾವ ಪುಸ್ತಕ?" ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಪುಸ್ತಕ ಓದದೆ ಬಂದವರನ್ನು ಏನು ಮಾಡ್ತೀರಿ ಅನ್ನೋದು ಮೊದಲನೆಯದು. ಕಾಫಿ ಯಾರ ಮನೆಯದು ಅನ್ನೋದು ಎರಡನೆಯದು. ತುಮಕೂರಿನ ನಮ್ಮ ಬಡಾವಣೆಯಲ್ಲಿ ಇಂಥದ್ದೊಂದು ಕೂಟ ನಡೆಸಿಕೊಂಡು ಬರುತ್ತಿದ್ದೇವೆ, ಅಕ್ಕಪಕ್ಕದ ಬಡಾವಣೆಗಳಲ್ಲಿ ಶುರುವಾಗಿ ನಿಂತುಹೋದವನ್ನೂ ನೋಡಿದ್ದೇವೆ. ಪುಸ್ತಕ ಚೆನ್ನಾಗಿಲ್ಲ ಅಂತ ಯಾವ ಕೂಟವೂ ನಿಂತಿದ್ದು ನಾನು ಕಾಣೆ. ಓದಿಲ್ಲ ಅನ್ನೋ ಸಂಕೋಚಕ್ಕೆ ಒಬ್ಬರು ಒಂದು ತಿಂಗಳು ತಪ್ಪಿಸುತ್ತಾರೆ, ಮುಂದಿನ ತಿಂಗಳು ಬರೋಕೆ ಇನ್ನೂ ಸಂಕೋಚ, ಆಮೇಲೆ ತರಕಾರಿ ಗಾಡಿ ಹತ್ತಿರ ಸಿಕ್ಕಿದರೂ ಮುಖ ತಪ್ಪಿಸಿಕೊಂಡು ಹೋಗುತ್ತಾರೆ. ಹೀಗೇ ಒಬ್ಬೊಬ್ಬರೇ. ಆದ್ದರಿಂದ ಕೆಳಗೆ ಬರೆದಿರುವುದೆಲ್ಲ ಓದದವರಿಗೂ ಬರೋಕೆ ಒಂದು ಕಾರಣ ಇರಬೇಕು ಅನ್ನೋ ಲೆಕ್ಕದಲ್ಲೇ ಇದೆ.

ಜನ ಸೇರಿಸುವುದು, ಅದೂ ಆಷಾಢದಲ್ಲಿ

ಒಳ್ಳೆ ಕೆಲಸಕ್ಕೆ ಆಷಾಢ ಬೇಡ ಅಂತಾರೆ. ಕೂಟ ಶುರು ಮಾಡೋಕೆ ಮಾತ್ರ ಆಷಾಢಕ್ಕಿಂತ ಒಳ್ಳೆ ಕಾಲ ಇಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಭಾನುವಾರಗಳೆಲ್ಲ ಖಾಲಿ. ಮಾರ್ಚ್‌ನಲ್ಲಿ ಶುರು ಮಾಡಿದರೆ ಮಕ್ಕಳ ಪರೀಕ್ಷೆ. ಏಪ್ರಿಲ್, ಮೇನಲ್ಲಿ ಒಂದೇ ದಿನ ಎರಡು ಮದುವೆ, ಇಲ್ಲಾ ಅಜ್ಜಿ ಮನೆ ಪ್ರಯಾಣ. ಶ್ರಾವಣ ಬಂತು ಅಂದರೆ ಹಬ್ಬದ ಸಾಲು. ಆಷಾಢದಲ್ಲಿ ಎರಡು ಸಲ ಕೂತುಬಿಟ್ಟರೆ ಅಭ್ಯಾಸ ಆಗುತ್ತೆ, ಆಮೇಲೆ ಹಬ್ಬದ ನಡುವೆಯೂ ಬರುತ್ತಾರೆ.

ಮೊದಲಿಗೆ ಐದಾರು ಜನ ಸಾಕು. ಗ್ರೂಪಿನಲ್ಲಿ ಮೆಸೇಜ್ ಹಾಕಿ ಜನ ಸೇರಿಸೋಕೆ ಹೋಗಬೇಡಿ. ಇಪ್ಪತ್ತು ಜನ ಹೆಬ್ಬೆರಳು ಎತ್ತುತ್ತಾರೆ, ಇಬ್ಬರು ಬರುತ್ತಾರೆ. ಮನೆ ಬಾಗಿಲಿಗೆ ಹೋಗಿ ಕೇಳಿ. "ಅಕ್ಕಾ, ಭಾನುವಾರ ಸಂಜೆ ಒಂದು ಕತೆ ಓದ್ತೀವಿ, ಸುಮ್ನೆ ಬಂದು ಕೂತ್ಕೊಳ್ಳಿ" ಅಂದರೆ ಸಾಕು. ಸಾಹಿತ್ಯ, ಚರ್ಚೆ, ಸಂವಾದ ಅನ್ನೋ ಮಾತುಗಳು ಬಾಯಿಗೆ ಬಂದರೆ ಎದುರಿಗಿರುವವರು "ಅಯ್ಯೋ, ನಮಗೆಲ್ಲ ಅದು ಗೊತ್ತಾಗಲ್ಲ ಬಿಡಿ" ಅಂತ ಒಳಗೆ ಹೋಗಿಬಿಡುತ್ತಾರೆ.

ವಯಸ್ಸು ಬೆರೆತಿರಲಿ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬಳು ಪಿಯುಸಿ ಹುಡುಗಿ, ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಇರುವವರು, ಪೇಪರ್ ಬಿಟ್ಟು ಬೇರೇನೂ ಓದದ ಅಂಗಡಿಯವರು, ಎಲ್ಲ ಇರಲಿ. ಮನೆಯಲ್ಲಿ ತೆಲುಗು, ಉರ್ದು, ತಮಿಳು ಆಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಓದೋಕೆ ಮಾತ್ರ ನಿಧಾನ ಅನ್ನುವವರು ಅವರಲ್ಲಿ ಇರುತ್ತಾರೆ. ಜೋರಾಗಿ ಓದುವ ಪದ್ಧತಿ ಇಟ್ಟುಕೊಂಡರೆ ಅವರಿಗೂ ಜಾಗ ಆಗುತ್ತೆ, ಅದನ್ನು ಮುಂದೆ ಹೇಳ್ತೀನಿ. ಹನ್ನೆರಡು ಜನ ದಾಟಿದರೆ ಮಾತುಕತೆ ಹೋಗಿ ಸಭೆ ಆಗಿಬಿಡುತ್ತೆ. ಅಲ್ಲಿಗೆ ಬಂದಾಗ ಎರಡು ಗುಂಪು ಮಾಡಿಕೊಳ್ಳಿ.

ಯಾರಾದರೊಬ್ಬರು "ಸಂಘ ರಿಜಿಸ್ಟರ್ ಮಾಡಿಸೋಣ" ಅಂತ ಎದ್ದೇಳುತ್ತಾರೆ. ಏಳು ಜನ ಇದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾಡಿಸಬಹುದು, ಸರಿ. ಆದರೆ ಮಾಡಿಸಿದ ಮೇಲೆ ಅಧ್ಯಕ್ಷರು ಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಕತೆ ಓದೋಕೆ ಇದೆಲ್ಲ ಬೇಡ.

ಜಾಗ, ಹೊತ್ತು, ಕಾಫಿ

ತಿಂಗಳಿಗೆ ಒಂದು ಸಲ, ಒಂದೇ ವಾರ, ಒಂದೇ ಹೊತ್ತು. "ಎರಡನೇ ಭಾನುವಾರ ಸಂಜೆ ನಾಲ್ಕೂವರೆ" ಅಂತ ಗೊತ್ತು ಮಾಡಿದರೆ ಮುಗೀತು, ಪ್ರತಿ ಸಲ "ಯಾವತ್ತು ಎಲ್ಲರಿಗೂ ಅನುಕೂಲ?" ಅಂತ ಕೇಳೋಕೆ ಹೋದರೆ ಯಾವತ್ತೂ ಯಾರಿಗೂ ಅನುಕೂಲ ಆಗಲ್ಲ. ದೀಪ ಹಚ್ಚೋ ಹೊತ್ತಿಗೆ ಮುಗಿಯಲಿ. ಒಂದೂವರೆ ಗಂಟೆ ಧಾರಾಳ. ನಾಲ್ಕೇ ಜನ ಬಂದರೂ ನಡೆಸಿ, ಮುಂದಕ್ಕೆ ಹಾಕಬೇಡಿ. ಒಂದು ಸಲ ಮುಂದಕ್ಕೆ ಹೋದ ಕೂಟ ಎರಡನೇ ಸಲವೂ ಹೋಗುತ್ತೆ.

ಮನೆಗಳಲ್ಲಿ ಸರದಿ ಮೇಲೆ ಸೇರುವುದು ಚೆಂದ, ಆದರೆ ಅದರಲ್ಲಿ ಒಂದು ಹುಳುಕಿದೆ. ಮೊದಲನೇ ಮನೆಯವರು ಕಾಫಿ ಜೊತೆ ಬೋಂಡ ಕೊಡುತ್ತಾರೆ. ಎರಡನೇ ಮನೆಯವರು ಬೋಂಡದ ಜೊತೆ ಕೇಸರಿಬಾತ್. ಮೂರನೇ ಮನೆಯಲ್ಲಿ ಜಾಮೂನು, ಗಂಡ ಹಿಂದಿನ ದಿನವೇ ಹೊಸ ಲೋಟ ತಂದಿರುತ್ತಾರೆ. ನಾಲ್ಕನೇ ಮನೆಯವರು ಒಂದೇ ರೂಮಿನ ಬಾಡಿಗೆ ಮನೆಯಲ್ಲಿ ಇರುತ್ತಾರೆ, ಅವರ ಸರದಿ ಬಂದ ತಿಂಗಳು ಅವರಿಗೆ ಇದ್ದಕ್ಕಿದ್ದಂತೆ ಜ್ವರ. ಇದನ್ನು ತಡೆಯೋಕೆ ಮೊದಲ ದಿನವೇ ನಿಯಮ ಮಾಡಿ: ಕಾಫಿ ಅಥವಾ ಟೀ, ಜೊತೆಗೆ ಒಂದೇ ಒಂದು ಖಾರ, ಅದೂ ಅಂಗಡಿಯಿಂದ ತಂದದ್ದು. ಕಡ್ಲೆಪುರಿ, ಖಾರ ಬೂಂದಿ, ಕೋಡುಬಳೆ, ಇಷ್ಟರಲ್ಲಿ ಒಂದು. ಮನೆಯಲ್ಲಿ ಮಾಡಿ ತಂದವರಿಗೆ ನಗುನಗುತ್ತಲೇ ದಂಡ ಹಾಕಿ. ನಾನಂತೂ ಈ ನಿಯಮವನ್ನು ಪುಸ್ತಕದ ಪಟ್ಟಿಗಿಂತ ಗಟ್ಟಿಯಾಗಿ ಹಿಡಿಯುತ್ತೇನೆ.

ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳಲ್ಲ. ಕೆಲವರು ಕೆಲವರ ಮನೆಗೆ ಹೋಗಲ್ಲ, ಹೋದರೂ ನೀರು ಮುಟ್ಟಲ್ಲ. ಅದನ್ನು ಭಾಷಣ ಮಾಡಿ ತಿದ್ದೋಕೆ ಆಗಲ್ಲ, ಹಾಗಂತ ಒಪ್ಪಿಕೊಂಡು ಕೂರೋಕೂ ಆಗಲ್ಲ. ಮೊದಲ ಆರು ತಿಂಗಳು ಯಾರ ಮನೆಯೂ ಅಲ್ಲದ ಜಾಗದಲ್ಲಿ ಸೇರಿ. ಪಾರ್ಕಿನ ಮಂಟಪ, ಶಾಲೆಯ ಒಂದು ಕೊಠಡಿ, ಗ್ರಂಥಾಲಯದವರು ಒಪ್ಪಿದರೆ ಅಲ್ಲೇ. ಒಟ್ಟಿಗೆ ಕೂತು ತಿಂದು ಅಭ್ಯಾಸವಾದ ಮೇಲೆ ಮನೆಗಳಿಗೆ ಹೋಗಿ. ದೇವಸ್ಥಾನದ ಸಮುದಾಯ ಭವನ ಪುಕ್ಕಟೆ ಸಿಗುತ್ತೆ ನಿಜ, ಅಲ್ಲಿ ಎಲ್ಲರಿಗೂ ಒಂದೇ ಥರ ಸಲೀಸು ಅನ್ನಿಸುತ್ತಾ ಅಂತ ಯೋಚಿಸಿ ಆಮೇಲೆ ಹೂಂ ಅನ್ನಿ.

ವೇದಿಕೆ ಬೇಡ

ನಮ್ಮ ಕಡೆ ನಾಲ್ಕು ಜನ ಸೇರಿದರೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಅಧ್ಯಕ್ಷರ ನುಡಿ, ವಂದನಾರ್ಪಣೆ ತಾವಾಗೇ ಹುಟ್ಟಿಕೊಳ್ಳುತ್ತವೆ. ಮೈಕ್ ತರಿಸಬೇಡಿ. ಯಾರೂ ಎದ್ದು ನಿಂತು ಮಾತಾಡಬಾರದು. ಎದ್ದು ನಿಂತ ತಕ್ಷಣ ಎಂಥವರಿಗೂ "ಸಭಿಕರೇ" ಅಂತ ಬಾಯಿಗೆ ಬರುತ್ತೆ. ಸುತ್ತ ಕೂರಿ, ಆದರೆ ಮಂಡಿ ನೋವಿರುವವರಿಗೆ ಕುರ್ಚಿ ಹಾಕಿ.

ಪುಸ್ತಕ ಆರಿಸುವುದು, ಸಿಗುವ ಹಾಗೆ ಮಾಡುವುದು

ಮೊದಲ ಮೂರು ತಿಂಗಳು ಕಾದಂಬರಿ ಮುಟ್ಟಬೇಡಿ. ಒಂದೊಂದು ಸಣ್ಣಕತೆ ಸಾಕು. ಕನ್ನಡದಲ್ಲಿ ಸಣ್ಣಕತೆಗೆ ಬರ ಇಲ್ಲ, ಇಪ್ಪತ್ತು ನಿಮಿಷದಲ್ಲಿ ಓದಿ ಮುಗಿಯುವ, ಎರಡು ದಿನ ತಲೆಯಲ್ಲಿ ಉಳಿಯುವ ಕತೆಗಳು ರಾಶಿ ಇವೆ. ಆಮೇಲೆ 150 ಪುಟದ ಒಳಗಿನ ಪುಸ್ತಕ. ವರ್ಷಕ್ಕೆ ಒಂದೇ ಒಂದು ದಪ್ಪ ಪುಸ್ತಕ, ಅದಕ್ಕೆ ಎರಡು ತಿಂಗಳು ಕೊಡಿ.

ಯಾರು ಆರಿಸಬೇಕು? ಓಟು ಹಾಕಿಸಿದರೆ ಜೋರು ಗಂಟಲಿನವರ ಪುಸ್ತಕವೇ ಗೆಲ್ಲುತ್ತೆ. ಪ್ರತಿಯೊಬ್ಬರೂ ಒಂದು ಹೆಸರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ, ಚಿಕ್ಕ ಮಗುವಿನ ಕೈಲಿ ಒಂದು ಎತ್ತಿಸಿ. ಬಂದದ್ದನ್ನು ಎಲ್ಲರೂ ಓದಬೇಕು, ತಕರಾರು ಇಲ್ಲ. ನನಗೆ ಹಿಡಿಸದ ಎಷ್ಟೋ ಪುಸ್ತಕ ಹೀಗೆ ಬಂದಿವೆ, ಅದರಲ್ಲಿ ಕೆಲವು ಕೊನೆಗೆ ಹಿಡಿಸಿದ್ದೂ ಇದೆ. ಅಡುಗೆ, ಪ್ರವಾಸ, ಆತ್ಮಕತೆ, ವಿಜ್ಞಾನ, ಅನುವಾದ ಏನಾದರೂ ಆಗಬಹುದು. ಬೇಡ ಅನ್ನಬೇಕಾದ್ದು ಒಂದೇ, ಸದಸ್ಯರೇ ಬರೆದು ಅಚ್ಚು ಹಾಕಿಸಿದ ಪುಸ್ತಕ. ಒಬ್ಬರದ್ದು ಓದಿದರೆ ಎಲ್ಲರದ್ದೂ ಓದಬೇಕಾಗುತ್ತೆ, ಅದೂ ಅವರ ಎದುರಿಗೇ ಕೂತು ಅಭಿಪ್ರಾಯ ಹೇಳಬೇಕು.

ಎಲ್ಲರೂ ಕೊಳ್ಳಬೇಕಾಗಿಲ್ಲ. ಹತ್ತು ಜನಕ್ಕೆ ನಾಲ್ಕು ಪ್ರತಿ ಇದ್ದರೆ ವಾರಕ್ಕೊಬ್ಬರಂತೆ ಕೈ ಬದಲಾಯಿಸಬಹುದು. ಮೊದಲು ಗ್ರಂಥಾಲಯಕ್ಕೆ ಹೋಗಿ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು, ನೀವು ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟಿರುತ್ತೀರಿ. ದುಡ್ಡು ಆಗಲೇ ಹೋಗಿದೆ, ಪುಸ್ತಕ ತರೋಕೆ ನಾಚಿಕೆ ಯಾಕೆ? ಹಳ್ಳಿಯಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ, ಕೊಳ್ಳುವುದಾದರೆ ಅದನ್ನೂ ನೋಡಿ.

ಪಿಡಿಎಫ್ ವಿಷಯ. ಯಾರಾದರೊಬ್ಬರು ಪೂರ್ತಿ ಪುಸ್ತಕದ ಪಿಡಿಎಫ್ ಗ್ರೂಪಿಗೆ ಹಾಕೇ ಹಾಕುತ್ತಾರೆ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಪುಸ್ತಕದ ಕಾಪಿರೈಟ್ ಇರುತ್ತೆ. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ 1946ರಲ್ಲಿ ಹೋದರು, ಅಂದರೆ 2007ರಿಂದ ಅವರು ಬರೆದದ್ದನ್ನು ಯಾರು ಬೇಕಾದರೂ ಹಂಚಬಹುದು. ಇವತ್ತು ಬರೆಯುತ್ತಿರುವವರ ಪುಸ್ತಕವನ್ನು ಹಾಗೆ ಹಂಚಿದರೆ ಅದು ಕದ್ದ ಹಾಗೆ. ಕನ್ನಡ ಲೇಖಕರಿಗೆ ಬರುವ ದುಡ್ಡೇ ಅಷ್ಟಕ್ಕಷ್ಟೆ.

ಕೂತ ಮೇಲೆ

ಮೊದಲ ಹದಿನೈದು ನಿಮಿಷ ಊರ ಸುದ್ದಿ, ನಲ್ಲಿ ನೀರು, ಮಗಳ ಸೀಟು. ತಡೆಯಬೇಡಿ, ಅದಕ್ಕೂ ಸೇರಿಯೇ ಬಂದಿರುತ್ತಾರೆ. ಆಮೇಲೆ ಒಬ್ಬರು ನಾಲ್ಕೈದು ಪುಟ ಜೋರಾಗಿ ಓದಲಿ.

ಇದು ನಮಗೆ ಹೊಸದಲ್ಲ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಕೂತು ವ್ಯಾಖ್ಯಾನ ಹೇಳುತ್ತಾರೆ. ಓದೋಕೆ ಬಾರದವರು ಊರು ತುಂಬ ಇದ್ದ ಕಾಲದಲ್ಲೂ ಮಹಾಭಾರತದ ಕತೆ ಎಲ್ಲರಿಗೂ ಬಾಯಲ್ಲೇ ಇದ್ದದ್ದು ಹೀಗೆ. ಅದೇ ಜೋಡಿಯನ್ನು ಇಟ್ಟುಕೊಳ್ಳಿ. ಒಬ್ಬರು ಓದುವವರು, ಇನ್ನೊಬ್ಬರು ಮಾತು ತೆಗೆಯುವವರು, ತಿಂಗಳು ತಿಂಗಳು ಸರದಿ. ಓದದೆ ಬಂದವರಿಗೆ ಕತೆಯ ರುಚಿ ಸಿಗುತ್ತೆ, ಓದಿದವರಿಗೆ ಇನ್ನೊಬ್ಬರ ದನಿಯಲ್ಲಿ ಅದೇ ಸಾಲು ಬೇರೆ ಥರ ಕೇಳುತ್ತೆ. ನಲವತ್ತು ನಿಮಿಷ ಉಪನ್ಯಾಸ ಕೊಡುವ ಮೇಷ್ಟ್ರು ಪ್ರತಿ ಕೂಟದಲ್ಲೂ ಒಬ್ಬರು ಇರುತ್ತಾರಲ್ವಾ, ಅವರಿಗೆ ಮದ್ದೂ ಇದೇ. "ಮೇಷ್ಟ್ರೇ, ನಿಮ್ಮ ದನಿ ಚೆನ್ನಾಗಿದೆ, ಈ ಸಲ ನೀವೇ ಓದಿ" ಅನ್ನಿ. ಖುಷಿಯಾಗಿ ಓದುತ್ತಾರೆ, ಗಂಟಲು ದಣಿದಿರುತ್ತೆ, ಆಮೇಲೆ ಬೇರೆಯವರ ಮಾತು ಕೇಳುತ್ತಾರೆ.

ಮಾತು ತೆಗೆಯುವವರು "ಪುಸ್ತಕ ಹೇಗಿತ್ತು?" ಅಂತ ಕೇಳಬಾರದು. "ಚೆನ್ನಾಗಿತ್ತು" ಅಂತಾರೆ, ಅಲ್ಲಿಗೆ ಮಾತು ಸತ್ತಿತು. ಕೈಗೆ ಸಿಗುವಂಥ ಪ್ರಶ್ನೆ ಕೇಳಿ. ಯಾವ ಪುಟದಲ್ಲಿ ನಿಲ್ಲಿಸಿದಿರಿ, ಯಾಕೆ? ಈ ಅತ್ತೆ ಮಾಡಿದ್ದು ಸರೀನಾ? ನಮ್ಮ ಕೂಟದಲ್ಲಿ ಎಂದೂ ಸೋಲದ ಪ್ರಶ್ನೆ ಒಂದಿದೆ: "ಈ ಕತೆಯಲ್ಲಿ ಬರುವ ಮನುಷ್ಯ ನಿಮ್ಮ ಮನೆ ಬಾಡಿಗೆಗೆ ಕೇಳಿಕೊಂಡು ಬಂದರೆ ಕೊಡ್ತೀರಾ?" ಕೇಳಿ ನೋಡಿ. ಕತೆ ಓದುವಾಗ ಅಯ್ಯೋ ಪಾಪ ಅಂದವರೇ "ಅಡ್ವಾನ್ಸ್ ಎಷ್ಟು ಕೊಡ್ತಾನೆ" ಅಂತ ಶುರು ಮಾಡುತ್ತಾರೆ. ಒಬ್ಬರು ಸಸ್ಯಾಹಾರಿಗಳಿಗೆ ಮಾತ್ರ ಅಂತಾರೆ, ಇನ್ನೊಬ್ಬರು ಒಂಟಿ ಹೆಂಗಸಿಗೆ ಕೊಡಲ್ಲ ಅಂತಾರೆ, ಪಿಯುಸಿ ಹುಡುಗಿ "ಯಾಕೆ ಆಂಟಿ?" ಅಂತಾಳೆ. ಅಲ್ಲಿಂದ ಮುಂದೆ ಪುಸ್ತಕ ತಾನಾಗೇ ನಡೆಯುತ್ತೆ.

ಜಗಳ ಬಂದರೆ? ಕತೆಯ ಮೇಲೆ ಬಂದರೆ ಬರಲಿ. ಚುನಾವಣೆಯ ಮೇಲೆ ಬಂದರೆ ಕಾಫಿ ತರಿಸಿ.

ವಾಟ್ಸಾಪ್, ದುಡ್ಡು

ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಡಿ, ದಿನಾಂಕ, ಜಾಗ, ಪುಸ್ತಕ ಅಷ್ಟೇ. ಶುಭೋದಯದ ಗುಲಾಬಿ, ಸೈಟ್ ಮಾರಾಟ, ಫಾರ್ವರ್ಡ್ ಯಾವುದೂ ಬೇಡ. ದುಡ್ಡು ತಿಂಗಳಿಗೆ ಐವತ್ತು ರೂಪಾಯಿ ಸಾಕು, ಒಬ್ಬರು ಇಟ್ಟುಕೊಳ್ಳಲಿ, ಇನ್ನೊಬ್ಬರು ನೋಟ್‌ಬುಕ್ಕಿನಲ್ಲಿ ಬರೆಯಲಿ. ಇದೇ ಜನರನ್ನು ಕಟ್ಟಿಕೊಂಡು ಚೀಟಿ ವ್ಯವಹಾರ ಮಾತ್ರ ಶುರು ಮಾಡಬೇಡಿ. ಒಬ್ಬರು ಕಂತು ತಪ್ಪಿಸಿದರೆ ಚೀಟಿ ಜೊತೆ ಕೂಟವೂ ಹೋಗುತ್ತೆ.

ಊರು ಸುತ್ತುವುದು

ಕೂಟ ಉಳಿಯುವುದು ಇದರಿಂದಲೇ ಅಂತ ನನ್ನ ನಂಬಿಕೆ. ಪುಸ್ತಕ ಓದದವರೂ ತಪ್ಪದೆ ಬರುತ್ತಾರೆ, ಬಂದಮೇಲೆ ಮುಂದಿನ ತಿಂಗಳಿನ ಕೂಟಕ್ಕೆ ಬರೋಕೆ ಸಂಕೋಚ ಇರಲ್ಲ. ವರ್ಷಕ್ಕೆ ಮೂರು ಸಾಕು, ಅದರಲ್ಲಿ ಒಂದು ಅರ್ಧ ದಿನದ್ದು, ಒಂದು ಪೂರ್ತಿ ದಿನದ್ದು, ಇನ್ನೊಂದು ಸಂಜೆಯದು.

ಸಂಜೆಯದ್ದು ಸುಲಭ. ಊರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕ ಇದ್ದ ದಿನ ಒಟ್ಟಿಗೆ ಹೋಗಿ, ಆಮೇಲೆ ಎಲ್ಲಾದರೂ ದೋಸೆ ತಿನ್ನಿ. ಇಲ್ಲವೇ ಅಮಾನಿಕೆರೆ ಸುತ್ತ ನಡೆದಾಡಿ. ಬೆಳಗಿನ ಹೊತ್ತು ಇಷ್ಟ ಅಂದರೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗಿ, ಆದರೆ ಶಿವರಾತ್ರಿ ಸಮಯದ ಸಿದ್ಧಗಂಗೆ ಜಾತ್ರೆಯಲ್ಲಿ ಆ ಕಡೆ ಕಾಲಿಡೋಕೂ ಜಾಗ ಇರಲ್ಲ, ಆಗ ಬೇಡ.

ಅರ್ಧ ದಿನಕ್ಕೆ ನಾಮದ ಚಿಲುಮೆ ಮತ್ತು ದೇವರಾಯನದುರ್ಗ. ಬೆಳಿಗ್ಗೆ ಆರೂವರೆಗೆ ಹೊರಡಿ. ರಾಮ ಬಾಣ ಬಿಟ್ಟು ನೀರು ತರಿಸಿದ ಅನ್ನೋ ಬಂಡೆಯ ಚಿಲುಮೆ, ಪಕ್ಕದಲ್ಲಿ ಜಿಂಕೆಗಳು, ಆಮೇಲೆ ಬೆಟ್ಟ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಜಯಮಂಗಲಿ ನದಿ ಹುಟ್ಟುವುದೂ ಈ ಬೆಟ್ಟದ ಸಾಲಿನಲ್ಲೇ, ಹಾಗಾಗಿ ನದಿ, ಕೆರೆ, ಬರಗಾಲದ ಕತೆ ಓದಿದ ತಿಂಗಳು ಇಲ್ಲಿಗೆ ಬಂದರೆ ಮಾತಿಗೆ ಕೊನೆ ಇರಲ್ಲ. ಕೋತಿಗಳ ವಿಷಯ ಮಾತ್ರ ತಮಾಷೆ ಅಲ್ಲ. ಪ್ಲಾಸ್ಟಿಕ್ ಕವರ್ ಸದ್ದು ಕೇಳಿದರೆ ಸಾಕು, ಮೇಲಿಂದ ಇಳಿಯುತ್ತವೆ. ತಿಂಡಿ ಎಲ್ಲ ಬಟ್ಟೆ ಚೀಲದೊಳಗೆ, ಸ್ಟೀಲ್ ಡಬ್ಬಿಯಲ್ಲಿ ಇರಲಿ, ಬೆಟ್ಟದ ಮೇಲೆ ತೆಗೆಯಲೇಬೇಡಿ. ಬಸ್ಸು ಕಡಿಮೆ, ಗಾಡಿ ಮಾಡಿಕೊಂಡು ಹೋಗುವುದೇ ವಾಸಿ.

ಕೈದಾಳಕ್ಕೂ ಅರ್ಧ ದಿನ ಸಾಕು. ಗೂಳೂರಿನ ಪಕ್ಕದಲ್ಲೇ ಇದೆ, 12ನೇ ಶತಮಾನದ ಚನ್ನಕೇಶವ ದೇವಸ್ಥಾನ. ಜಕಣಾಚಾರಿಗೆ ಕೈ ವಾಪಸ್ ಬಂದದ್ದು ಇಲ್ಲೇ ಅಂತ ಕತೆ. ಮಗ ಕಲ್ಲಿನಲ್ಲಿ ಕಪ್ಪೆ ತೋರಿಸಿದ್ದು, ಅಪ್ಪ ಮಾತಿಗೆ ತಪ್ಪದೆ ತನ್ನ ಕೈ ಕಡಿದುಕೊಂಡದ್ದು ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಕೂತು "ಅಪ್ಪ ಯಾಕೆ ಸೋಲು ಒಪ್ಪಿಕೊಂಡ?" ಅಂತ ಕೇಳಿದರೆ ಮನೆ ಮನೆಯ ಅಪ್ಪ ಮಕ್ಕಳ ಕತೆ ಹೊರಗೆ ಬರುತ್ತೆ. ದೀಪಾವಳಿಯ ಬಲಿಪಾಡ್ಯಮಿಯಿಂದ ಕಾರ್ತಿಕ ಮಾಸದ ತನಕ ಗೂಳೂರಿನಲ್ಲಿ ದೊಡ್ಡ ಮಣ್ಣಿನ ಗಣಪತಿಯೂ ಇರುತ್ತೆ, ಹೋದರೆ ಆಗಲೇ ಹೋಗಿ, ಎರಡೂ ಆಗುತ್ತೆ.

ಪೂರ್ತಿ ದಿನಕ್ಕೆ ನನ್ನ ಮೊದಲ ಆಯ್ಕೆ ರೈಲಿನಲ್ಲಿ ಗುಬ್ಬಿ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಊರು. ಅರಸೀಕೆರೆ ಕಡೆಯ ರೈಲು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ, ಕಿಟಕಿ ಪಕ್ಕ ತೆಂಗಿನ ತೋಟ, ಬೋಗಿಯಲ್ಲೇ ನಾಟಕದ ಒಂದು ದೃಶ್ಯ ಓದಬಹುದು. ಪಾತ್ರ ಹಂಚಿಕೊಂಡು ಓದಿ, ಅಕ್ಕಪಕ್ಕದ ಪ್ರಯಾಣಿಕರೂ ಸೇರಿಕೊಳ್ಳುತ್ತಾರೆ. ಸಿರಾ ಹತ್ತಿರದ ಕಗ್ಗಲಡುವಿಗೂ ಹೋಗಬಹುದು, ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿ ಬಂದಿವೆಯೇ ಅಂತ ಊರಿನವರನ್ನು ಕೇಳಿಕೊಂಡು ಹೊರಡಿ. ಸಂಪಿಗೆ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ತೀ.ನಂ.ಶ್ರೀ ಹುಟ್ಟಿದ ತೀರ್ಥಪುರ, ಇವನ್ನು ಒಂದೇ ದಿನ ಜೋಡಿಸಿ ಲೇಖಕರ ಊರು ನೋಡೋದು ಅಂತಲೂ ಮಾಡಬಹುದು. ಅಲ್ಲಿನವರೊಬ್ಬರ ಪರಿಚಯ ಮಾಡಿಕೊಂಡೇ ಹೋಗಿ, ಸುಮ್ನೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಟೀ ಕುಡಿದು ವಾಪಸ್ ಬರಬೇಕಾಗುತ್ತೆ.

ಹೊರಡುವ ಮುಂಚೆ ನೋಡಬೇಕಾದ್ದು ಇಷ್ಟು. ಮೊದಲು ಶೌಚಾಲಯ. ಹೆಂಗಸರು ಬರಲ್ಲ ಅಂದರೆ ಹತ್ತಕ್ಕೆ ಎಂಟು ಸಲ ಕಾರಣ ಇದೇ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಒಂದೊಂದು ಗಂಟೆಗೆ ಎಲ್ಲಿ ನಿಲ್ಲಿಸ್ತೀವಿ, ಯಾವ ಹೋಟೆಲ್, ಯಾವ ಪೆಟ್ರೋಲ್ ಬಂಕ್ ಅಂತ ಮುಂಚೆಯೇ ಗೊತ್ತು ಮಾಡಿ ಗ್ರೂಪಿನಲ್ಲಿ ಬರೆದುಬಿಡಿ. ಎರಡನೆಯದು ಊಟದ ಹೊತ್ತು, ಶುಗರ್ ಇರುವವರಿಗೆ ಒಂದು ಗಂಟೆ ದಾಟಬಾರದು. ಮೂರನೆಯದು ಗಾಡಿ. ಟಿಟಿ (ಟೆಂಪೋ ಟ್ರಾವೆಲರ್) ಮಾತಾಡುವಾಗ ಕಿಲೋಮೀಟರ್ ಲೆಕ್ಕವೋ ದಿನದ ಲೆಕ್ಕವೋ, ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಅದರಲ್ಲೇ ಸೇರಿದೆಯೋ ಇಲ್ಲವೋ ಅಂತ ಕೇಳಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ. ಸರ್ಕಾರಿ ಬಸ್ ಇರುವ ಊರಾದರೆ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ಜೊತೆಗಿರಲಿ, ಲಕ್ಸುರಿ ಬಸ್ಸಿಗೆ ಮಾತ್ರ ಇದು ನಡೆಯಲ್ಲ. ಗಂಡಸರ ಟಿಕೆಟ್ ದುಡ್ಡನ್ನು ಎಲ್ಲರ ಮೇಲೆ ಹಂಚಬೇಕಾ ಅನ್ನೋ ಚರ್ಚೆ ಹುಟ್ಟೇ ಹುಟ್ಟುತ್ತೆ. ಅವರವರದ್ದು ಅವರೇ ಕೊಡಲಿ, ಅಲ್ಲಿಗೆ ಮುಗಿಸಿ.

ದುಡ್ಡನ್ನು ವಾರದ ಮುಂಚೆ ವಸೂಲಿ ಮಾಡಿ. ದುಡ್ಡು ಕೊಟ್ಟವರೇ ಬರುವವರು. ಎರಡು ದಿನ ಮುಂಚೆ ಇಲ್ಲ ಅಂದರೆ ಗಾಡಿಯ ಪಾಲು ವಾಪಸ್ ಇಲ್ಲ, ಊಟದ ಪಾಲು ಉಂಟು ಅಂತ ಮೊದಲೇ ಹೇಳಿ. ಊಟ ಕಟ್ಟಿಕೊಂಡು ಹೋಗುವುದಾದರೆ ಹಂಚಿಕೊಳ್ಳಿ, ಒಂದು ಮನೆ ಪುಳಿಯೋಗರೆ, ಒಂದು ಮನೆ ಮೊಸರನ್ನ, ಇನ್ನೊಬ್ಬರು ಮುತ್ತುಗದ ಎಲೆ. ಅಡುಗೆ ಬಾರದವರು ಬಾಳೆಹಣ್ಣು ತರಲಿ. ಮೊಟ್ಟೆ, ಮಾಂಸ ತರಬಹುದಾ ಅಂತ ಯಾರಾದರೂ ಕೇಳಿದರೆ, ದೇವಸ್ಥಾನದ ಆವರಣ ಬಿಟ್ಟು ಬೇರೆ ಕಡೆ ತರಬಹುದು ಅನ್ನೋದು ನಮ್ಮ ನಿಯಮ. ತಿನ್ನದವರು ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ, ಏನೂ ಆಗಿಲ್ಲ.

ಓದು ಊಟಕ್ಕೆ ಮುಂಚೆ ಆಗಲಿ, ಹದಿನೈದು ನಿಮಿಷ. ಊಟ ಆದಮೇಲೆ ಓದೋಕೆ ಹೋದರೆ ಅರ್ಧ ಜನ ಮರದ ಕೆಳಗೆ ನಿದ್ದೆ, ಇನ್ನರ್ಧ ಅಂತ್ಯಾಕ್ಷರಿ. ಹತ್ತುವಾಗ ತಲೆ ಎಣಿಸಿ, ಒಬ್ಬರೇ ಎಣಿಸಬೇಕು. ಹೆಂಗಸರ, ಮಕ್ಕಳ ಫೋಟೋ ಕೇಳದೆ ಹೊರಗಡೆ ಹಾಕಬೇಡಿ.

ವಾಪಸ್ ಬರುವಾಗ ಎಲ್ಲರೂ ಒಂದೇ ಗಾಡಿಯಲ್ಲಿ ಇರುತ್ತಾರೆ, ಯಾರೂ ಎದ್ದು ಹೋಗೋ ಹಾಗಿಲ್ಲ. ಮುಂದಿನ ಪುಸ್ತಕದ ಚೀಟಿಯನ್ನು ಅಲ್ಲೇ ಎತ್ತಿಸಿ, ಓದುವವರು ಯಾರು, ಮಾತು ತೆಗೆಯುವವರು ಯಾರು ಅಂತಲೂ ಅಲ್ಲೇ ಗೊತ್ತು ಮಾಡಿ. ಖರ್ಚಿನ ಲೆಕ್ಕ ರಾತ್ರಿ ಮಲಗುವ ಮುಂಚೆ ಗ್ರೂಪಿಗೆ ಹೋಗಲಿ, ಉಳಿದದ್ದು ಹತ್ತು ರೂಪಾಯಿ ಆದರೂ ಬರೆದಿರಲಿ.